ಹನ್ನೆರಡು ಕೆಬಿಯ ಕೈಸನ್ನೆ

ಒಂದರ ಹಿಂದೊಂದು ಓಡುವ ನಾಲ್ಕು ಚಿತ್ರಗಳಲ್ಲಿ ಕೊನೆಯ ಎರಡನ್ನು ಅಳಿಸಿದ ಮೇಲೆಯೇ, ಕೈ ಆಡಿಸುವ ಆ ಪುಟ್ಟ ಜಾಹೀರಾತು ಹನ್ನೆರಡು ಕೆಬಿಯೊಳಗೆ ಕೂತಿತು. ಊರೂರಿನ ಕಿವುಡರು ನೋಡುವ ವೆಬ್‌ಸೈಟಿನವರು ಅದಕ್ಕಿಂತ ಒಂದು ಗುಂಜಿ ಹೆಚ್ಚಾದರೂ ಹಾಕುವುದಿಲ್ಲ ಎಂದಿದ್ದರು. ಕೊಟ್ಟೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಮಾಲಾ ಬೆಳಗಿನಿಂದ ಬಣ್ಣ ಕಳೆದಿದ್ದಳು, ಅಳತೆ ಕುಗ್ಗಿಸಿದ್ದಳು. ಕೊನೆಗೆ ಕಳೆಯಲು ಉಳಿದಿದ್ದುದು ಚೌಡಕ್ಕನ ಕೈಯ ಚಿತ್ರಗಳು ಮಾತ್ರ.

ಚೌಡಕ್ಕನ ಮಗ ಗಾದಿಲಿಂಗ ಮನೆ ಬಿಟ್ಟು ಎರಡು ವರ್ಷ; ಅವನನ್ನು ಕರೆಯಲೆಂದೇ ಈ ಜಾಹೀರಾತು. ಕಿವಿ ಕೇಳದ, ಓದು ಬಾರದ ಅವನಿಗೆ ತಿಳಿಯುತ್ತಿದ್ದುದು ಅವ್ವನ ಕೈಸನ್ನೆ ಒಂದೇ. ಅವಳು ಕೈ ಚಾಚಿ, ಬೆರಳು ಮಡಚಿ, ಹತ್ತಿರಕ್ಕೆಳೆದು, ಎದೆಗೆ ಒತ್ತಿಕೊಂಡರೆ ‘ಬಾ ಮಗನೇ’ ಎಂದರ್ಥ.

ಚೌಡಕ್ಕ ಪರದೆಯ ಹತ್ತಿರಕ್ಕೆ ಬಾಗಿದಳು. ಅಲ್ಲಿ ಅವಳದೇ ಕೈ ಬೆರಳು ಮಡಚುತ್ತಿತ್ತು, ಚಾಚುತ್ತಿತ್ತು, ಮತ್ತೆ ಮಡಚುತ್ತಿತ್ತು, ಚಾಚುತ್ತಿತ್ತು. ಎದೆಯವರೆಗೆ ಬರುತ್ತಲೇ ಇರಲಿಲ್ಲ.

“ಯವ್ವಾ, ಇದು ಬಾ ಅಂದಂಗಿಲ್ಲ. ಹೋಗು ಅಂದಂಗ ಐತಿ.”

“ಇದಕ್ಕಿಂತ ಹೆಚ್ಚು ಹಿಡಿಯಂಗಿಲ್ಲ ಚೌಡಕ್ಕ. ನಾನರ ಏನ್ ಮಾಡ್ಲಿ?” ಎಂದಳು ಮಾಲಾ.

ಚೌಡಕ್ಕ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಅವತ್ತು ಸಿಟ್ಟಿನಾಗ, ಬಾಗಿಲಾಗ ನಿಂತು, ನಾನು ಹಿಂಗ ಕೈ ಮಾಡಿದ್ನವ್ವಾ.”