ಮೂರನೆಯ ದಿನದ ಹಾಲು

ಮಗಳು ಬೇರೆ ಜಾತಿಯವನನ್ನು ಮದುವೆಯಾದಳೆಂದು ಊರು ನಿಂಗಾಜಮ್ಮನಿಗೆ ಬಹಿಷ್ಕಾರ ಹಾಕಿತ್ತು. ಅವಳು ಸತ್ತ ದಿನವೂ ಆ ಹೊಸ್ತಿಲನ್ನು ಯಾರೂ ತುಳಿಯಲಿಲ್ಲ.

"ಜತೇಲಿ ನಾಟಿ ಹಾಕ್ದೋಳು. ಮುಖನಾದ್ರೂ ನೋಡ್ಕಂಡ್ ಬತ್ತೀನಿ," ಎಂದಳು ಪಕ್ಕದ ಮನೆಯ ಸಣ್ಣತಾಯಮ್ಮ.

ಗಂಡ ಬಾಗಿಲಿಗೆ ಅಡ್ಡ ನಿಂತ. "ಊರೇ ಹೋಗ್ದಿರೋವಾಗ ನಿಂದೇನು? ನಾಳೆ ನಮ್ಮನೆ ಹೆಣ ಎತ್ತಕ್ಕೆ ಯಾರು ಬತ್ತಾರೆ?"

ಅವಳು ಕಿಟಕಿಯ ಸಂದಿಯಿಂದ ನೋಡಿದಳು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಮಗಳೂ ಅಳಿಯನೂ ಹೆಣವನ್ನು ತಳ್ಳುಗಾಡಿಯಲ್ಲಿ ಸಾಗಿಸುತ್ತಿದ್ದರು.

"ಕಲ್ಲಿಗಿಂತ ಕಡೆ ಈ ಊರಿನ ಜನ," ಎಂದು ಗೊಣಗಿದಳು. ತಾನೂ ಕದಲಲಿಲ್ಲ.

ಮಣ್ಣು ಮಾಡಿದವರು ಅಂದೇ ಊರು ಬಿಟ್ಟಿದ್ದರು. ಮೂರನೆಯ ದಿನ ಗುಡ್ಡೆಗೆ ಹಾಲು ಬಿಡಲು ಯಾರೂ ಇಲ್ಲವಲ್ಲ ಎಂದುಕೊಂಡಳು ಸಣ್ಣತಾಯಮ್ಮ. ನಸುಕಿನಲ್ಲೇ ಎದ್ದು, ಗಂಡನಿಗೂ ಹೇಳದೆ, ಹಾಲಿನ ಚೊಂಬನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಮಸಣಕ್ಕೆ ನಡೆದಳು.

ಗುಡ್ಡೆಯ ಮಣ್ಣು ಆಗಲೇ ಹಾಲಿನಲ್ಲಿ ನೆನೆದು ಕೆಸರಾಗಿತ್ತು. ಅದರ ಮೇಲೆ ಊರಿನ ಹಿತ್ತಿಲುಗಳ ಹೂವೆಲ್ಲ ರಾಶಿ ಬಿದ್ದಿತ್ತು, ಬಹಿಷ್ಕಾರ ಸಾರಿದ ಯಜಮಾನರ ಹಿತ್ತಿಲಲ್ಲಿ ಮಾತ್ರ ಅರಳುವ ಕೆಂಡಸಂಪಿಗೆಯೂ.