ಕಸ್ತೂರಮ್ಮನ ಕೊರಳಿನ ಅಕ್ಕ

ಊಟಕ್ಕೆ ಬಂದಿದ್ದ ಮೇಷ್ಟ್ರು ಎಲೆಯ ಮೇಲಿನ ಹೋಳಿಗೆ ಬಿಟ್ಟು, ಬಡಿಸಲು ಬಾಗಿದ ಕಸ್ತೂರಮ್ಮನ ಕೊರಳನ್ನೇ ನೋಡುತ್ತಿದ್ದರು. ಅವಳ ಗಂಡ ಷಣ್ಮುಖಪ್ಪ ಅದನ್ನು ಕಂಡ. ಬೇರೆ ಗಂಡನಾಗಿದ್ದರೆ ಸಿಟ್ಟು ಬರುತ್ತಿತ್ತು. ಇವನಿಗೆ ಬಂದದ್ದು ಭಯ.

ಮೇಷ್ಟ್ರು ರೇವಣ್ಣ ಹೊನ್ನಾಳಿಯ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವರು. ಕಸ್ತೂರಮ್ಮ ತುಪ್ಪ ತರಲು ಒಳಗೆ ಹೋದದ್ದೇ ತಡ, ಪಿಸುಗುಟ್ಟಿದರು:

"ಏನ್ರೀ ಯಜಮಾನ್ರೇ, ಆ ಪದಕ ರೋಮ್ ದೇಶದ ಚಿನ್ನದ ನಾಣ್ಯ! ತಲೆ ಮೇಲೆ ಎಲೆಗಳ ಕಿರೀಟ ನೋಡಿದ್ರಾ? ಆತ ಚಕ್ರವರ್ತಿ ಕಣ್ರೀ!"

"ಮೆತ್ತಗೆ ಸ್ವಾಮಿ! ಅದು ನನ್ನ ಮೊದಲನೇ ಹೆಂಡ್ತಿ."

ರೇವಣ್ಣನವರ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು.

ತೀರಿಹೋದ ಮೊದಲನೆಯವಳ ಮುಖವನ್ನು ಚಿನ್ನದಲ್ಲಿ ಮಾಡಿಸಿ ಎರಡನೆಯವಳು ಕಟ್ಟಿಕೊಳ್ಳುವುದು ಆ ಮನೆಯ ಪದ್ಧತಿ. ಷಣ್ಮುಖಪ್ಪನೋ ಮಹಾ ಜುಗ್ಗ. ಉಬ್ರಾಣಿಯ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ್ದ ನಾಣ್ಯಕ್ಕೆ ಕೊಂಡಿ ಹಾಕಿಸಿ, "ಇವಳೇ ನಿನ್ನಕ್ಕ" ಎಂದು ಮದುವೆಯ ದಿನವೇ ಕೊರಳಿಗೆ ಹಾಕಿಬಿಟ್ಟಿದ್ದ. ಪಾಪ, ಕಸ್ತೂರಮ್ಮ ಕಣ್ಣಿಗೊತ್ತಿಕೊಂಡಳು. ಹಬ್ಬ ಬಂದರೆ ಮೊದಲ ಎಡೆ ಅಕ್ಕನಿಗೇ.

ಅಲ್ಲಿಂದ ಶುರುವಾಯಿತು ನೋಡಿ ಇವನ ಪಾಡು. ಅಕ್ಕ ಕಸ್ತೂರಮ್ಮನ ಕನಸಿಗೆ ಬಂದು ಇಸ್ಪೀಟು ಬಿಡಿಸು ಎಂದಳು, ಬಿಟ್ಟ. ಬೀಡಿ ವಾಸನೆ ಆಗದು ಎಂದಳು; ಅದೂ ಹೋಯಿತು. ತಂಗಿಯನ್ನು ತಿಂಗಳಿಗೊಂದು ಸಿನಿಮಾಕ್ಕೆ ಕರೆದೊಯ್ಯಲಿ ಎಂದಳು. ಚನ್ನಗಿರಿಯ ಟೂರಿಂಗ್ ಟಾಕೀಸಿನ ಬೆಂಚಿನ ಮೇಲೆ ಕೂತು ತೂಕಡಿಸಿದ. ಅದು ನಿನ್ನಕ್ಕನೇ ಅಲ್ಲ ಕಣೇ ಎನ್ನುವ ಧೈರ್ಯ ಮಾತ್ರ ಬರಲಿಲ್ಲ.

"ಈಗೇನಾರ ಗೊತ್ತಾದ್ರೆ ನ್ಯಾಮತಿ ಬಸ್ ಹತ್ತಿ ತವರಿಗೆ ಹೋಗ್ತಾಳೆ, ತಿರುಗಿ ಬರಾಕಿಲ್ಲ. ಅವಳಿಲ್ದೆ ನನ್ ಕೈಲಿ ಬದುಕಾಕೆ ಆಗಲ್ಲ ಸ್ವಾಮಿ." ಷಣ್ಮುಖಪ್ಪನ ಕಣ್ಣು ನಿಜವಾಗಿಯೂ ತುಂಬಿಕೊಂಡವು. ರೇವಣ್ಣ ಕರಗಿಹೋದರು. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟರು.

ಊಟವಾಯಿತು. ಷಣ್ಮುಖಪ್ಪ ವೀಳ್ಯದೆಲೆ ತರಲು ಹಿತ್ತಿಲಿಗೆ ಹೋದ. ಕಸ್ತೂರಮ್ಮ ಅತ್ತಿತ್ತ ನೋಡಿ, ಹತ್ತಿರ ಬಂದು ಪದಕವನ್ನು ಎತ್ತಿ ಹಿಡಿದಳು.

"ಸಾರ್, ತಿಳಿದೋರು ನೀವು. ಮದುವೆ ದಿನದಿಂದ ಯಾರನ್ನಾದ್ರೂ ಕೇಳ್ಬೇಕು ಅಂತಿದ್ದೆ. ಈ ಗಂಡಸು ಯಾವ ದೇಶದ ರಾಜ? ನಮ್ಮನೆಯವ್ರಿಗೆ ಮಾತ್ರ ಹೇಳ್ಬ್ಯಾಡ್ರಿ. ಅಕ್ಕ ಇನ್ನೂ ಬಂಗಾರದ ಬಳೆ ಕೇಳೋದು ಬಾಕಿ ಐತೆ."