ಮೊದಲಿದ್ದವರು

"ಸರ್ವೇಯರ್ ಇನ್ನೇನು ಬಂದುಬಿಡ್ತಾನೆ, ನೀನು ನೋಡಿದ್ರೆ ಗಾಜು ಒರೆಸ್ತಾ ನಿಂತಿದ್ದೀಯ. ತಲೆ ನೆಟ್ಟಗಿದೆ ತಾನೆ ಆಡ್ರಿ?" ಕೆಳಗಿನ ಮಹಡಿಯ ಬ್ರೆಂಡಾ ಏದುಸಿರು ಬಿಡುತ್ತ ಬಂದವಳೇ ಆಕೆಯ ಕೈಯಿಂದ ಬಟ್ಟೆ ಕಸಿದುಕೊಂಡಳು. "ಮನೆ ಫಳಫಳ ಅಂದಷ್ಟೂ ಅವನು ಜಾಸ್ತಿ ಬೆಲೆ ಕಟ್ತಾನೆ. ಅವನು ಜಾಸ್ತಿ ಕಟ್ಟಿದಷ್ಟೂ ಗುತ್ತಿಗೆ ಬೆಳೆಸೋಕೆ ನೀನು ಜಾಸ್ತಿ ತೆರಬೇಕು. ಎರಡು ಎಂಜಲು ಕಪ್ ಸಿಂಕಲ್ಲಿ ಬಿಡು, ಮಾರಾಯ್ತಿ. ಸ್ವಲ್ಪ ಬಡತನ ಕಾಣಲಿ."

ಆಡ್ರಿ ಒಂದು ಕಪ್ಪನ್ನು ಸಿಂಕಿನಲ್ಲಿಟ್ಟಳು. ಬ್ರೆಂಡಾ ಅತ್ತ ತಿರುಗಿದ ಕೂಡಲೇ ತೊಳೆದು ಬೋರಲು ಹಾಕಿದಳು.

ಫ್ಲ್ಯಾಟ್ ಆಕೆಯದೇ, ಅದರ ವರ್ಷಗಳು ಮಾತ್ರ ಕಟ್ಟಡದ ಮಾಲೀಕರವು. ಗುತ್ತಿಗೆ ಮುಗಿದ ದಿನ ಮನೆ ಅವರಿಗೇ ವಾಪಸು. ಮದುವೆಯಾದ ಹೊಸತರಲ್ಲಿ, ವರ್ದಿಂಗ್ ಊರಿನ ಕಡಲಿಗೆ ಮುಖ ಮಾಡಿದ ಈ ಮನೆಯನ್ನು ಕೊಂಡಾಗ ಗುತ್ತಿಗೆ ತೊಂಬತ್ತೊಂಬತ್ತು ವರ್ಷದ್ದು. "ನೂರಕ್ಕೆ ಒಂದೇ ಕಮ್ಮಿ," ಅಂದಿದ್ದ ಡೆರೆಕ್. "ಆ ಒಂದು ವರ್ಷ ನೀನು ನಿಮ್ಮಮ್ಮನ ಮನೇಲಿ ಇದ್ದುಬಿಡು." ಬರಿ ನೆಲದ ಮೇಲೆ ಕೂತು, ಪೊಟ್ಟಣದಿಂದಲೇ ಕರಿದ ಮೀನು ತಿನ್ನುತ್ತ ಇಬ್ಬರೂ ನಕ್ಕಿದ್ದರು. ಅಷ್ಟೊಂದು ವರ್ಷ ಖರ್ಚಾಗುವುದುಂಟೇ?

ಖರ್ಚಾಗಿತ್ತು, ಅರ್ಧಕ್ಕಿಂತ ಹೆಚ್ಚು. ಡೆರೆಕ್ ಹೋಗಿ ಎರಡು ಚಳಿಗಾಲ ಕಳೆದಿದ್ದವು. ಆಡ್ರಿಯ ಮೊಣಕಾಲು ಮೆಟ್ಟಿಲು ಕಂಡರೆ ಮುನಿಯುತ್ತಿತ್ತು. ಪಕ್ಕದ ಊರು ಶೋರಮ್‌ನಲ್ಲಿ, ತಂಗಿಯ ಬೀದಿಯಲ್ಲೇ ಮೆಟ್ಟಿಲಿಲ್ಲದ ಪುಟ್ಟ ಮನೆಯೊಂದನ್ನು ನೋಡಿಟ್ಟಿದ್ದಳು. ಅದನ್ನು ಕೊಳ್ಳಲು ಇದನ್ನು ಮಾರಬೇಕು. ಆದರೆ ಇಷ್ಟು ಸವೆದ ಗುತ್ತಿಗೆಯ ಮನೆ ಕೊಳ್ಳುವವರಿಗೆ ಯಾವ ಬ್ಯಾಂಕೂ ಸಾಲ ಕೊಡದು. ಮೊದಲು ವರ್ಷಗಳನ್ನು ಕೊಂಡು ಸೇರಿಸಿ, ಆಮೇಲೆ ಮಾರಬೇಕು. ಮಾಲೀಕರಿಗೆ ಕೊಟ್ಟಷ್ಟು ಶೋರಮ್ ಮನೆಗೆ ಖೋತಾ.

ಸರ್ವೇಯರ್ ಥಾರ್ಲಿ ಮಾಲೀಕರ ಕಡೆಯವನು. ಕೂದಲು ನರೆತ, ಮೆಲುದನಿಯ ಮನುಷ್ಯ. ಒದ್ದೆ ಬೂಟನ್ನು ಬಾಗಿಲಲ್ಲೇ ಬಿಚ್ಚಿಟ್ಟು ಕಾಲುಚೀಲದಲ್ಲಿ ಒಳಗೆ ಬಂದ.

"ಒಂದು ವಿಷಯ ಮೊದಲೇ ಹೇಳ್ತೀನಿ, ಮಿಸೆಸ್ ಪೆಲ್ಲಿಂಗ್. ನೀವಾಗಿ ಸೇರಿಸಿ ಚೆನ್ನಾಗಿ ಮಾಡ್ಕೊಂಡಿದ್ದಕ್ಕೆ ನಾನು ಬೆಲೆ ಕಟ್ಟೋ ಹಾಗಿಲ್ಲ. ಅಂಥದ್ದು ಯಾವುದು ಅಂತ ತೋರಿಸ್ತಾ ಬನ್ನಿ. ಅದು ಇಲ್ಲ ಅಂತಲೇ ಲೆಕ್ಕ ಹಾಕ್ತೀನಿ."

ಬ್ರೆಂಡಾಳ ಮುಖ ಅರಳಿತು. "ತೋರಿಸು, ತೋರಿಸು. ನಿನ್ನ ಡೆರೆಕ್ ಸುಮ್ಮನೆ ಬಿಟ್ಟಿದ್ದು ಈ ಮನೇಲಿ ಏನಿದೆ?"

ಅಡುಗೆಮನೆಯ ಕಪಾಟುಗಳು. ಮುಚ್ಚಿಹೋದ ಶಾಲೆಯೊಂದರ ಪ್ರಯೋಗಾಲಯದ ಮೇಜುಗಳನ್ನು ಹೊತ್ತು ತಂದು ಮಾಡಿದ್ದು. ಒಂದು ಬಾಗಿಲ ಒಳಗೆ ಯಾವನೋ ತುಂಟ ಕೆತ್ತಿದ್ದ ಹೆಸರು ಇನ್ನೂ ಇತ್ತು.

"ಇಲ್ಲ," ಅಂದ ಥಾರ್ಲಿ.

ಸ್ನಾನದಮನೆಯ ಟೈಲ್ಸ್. ಆಕೆ ಜ್ವರ ಬಂದು ಮಲಗಿದ್ದಾಗ ಅಚ್ಚರಿಪಡಿಸಲೆಂದು ಹಾಕಿದ್ದು. ಒಂದು ಸಾಲು ಸೊಟ್ಟ. "ಅಲೆ ಅಂದ್ಕೋ," ಅಂದಿದ್ದ.

"ಅದೂ ಇಲ್ಲ."

ಮಲಗುವ ಕೋಣೆಯ ಬೀರು, ಪುಸ್ತಕದ ಗೂಡು, ಬೆಂಕಿಗೂಡಿನ ಚೌಕಟ್ಟು. ಇಲ್ಲ, ಇಲ್ಲ, ಇಲ್ಲ. ಪ್ರತಿ ಸಲವೂ ಬ್ರೆಂಡಾ ಹಿಂದಿನಿಂದ ಬೆನ್ನು ತಟ್ಟುತ್ತಿದ್ದಳು. ಎಲ್ಲವೂ ಆಡ್ರಿಯ ಲಾಭಕ್ಕೇ ಆಗುತ್ತಿತ್ತು. ಆದರೂ ಡೆರೆಕ್ ಸತ್ತಾಗಲೂ ಇಷ್ಟು ಸಲ ಯಾರೂ ಆಕೆಯ ಮುಂದೆ ಇಲ್ಲ ಅಂದಿರಲಿಲ್ಲ.

ಕೊನೆಗೆ ಉಳಿದದ್ದು ಗಾಜಿನ ಬಾಲ್ಕನಿ. ಆಗಿನ ಮಾಲೀಕರು ಚಹಾಕ್ಕೆ ಬಂದು ಒಪ್ಪಿಕೊಂಡು ಹೋದ ಮೇಲೆ, ಒಂದು ಬೇಸಿಗೆ ಪೂರ್ತಿ ಅದಕ್ಕೇ ಕೊಟ್ಟಿದ್ದ ಡೆರೆಕ್. ಗಾಳಿ ಹೊರಗೆ ನಿಂತು ಗಾಜು ಬಡಿಯುತ್ತಿದ್ದರೆ ಒಳಗೆ ಓಕ್ ಬೆಂಚಿನ ಮೇಲೆ ಇಬ್ಬರಿಗೂ ಸೇರಿ ಒಂದೇ ಕಂಬಳಿ. ಆಮೇಲಾಮೇಲೆ ಅವನು ನಿದ್ದೆ ಹೋಗುತ್ತಿದ್ದ, ಆಕೆ ಹಡಗು ನೋಡುತ್ತಿದ್ದಳು.

"ಇದೊಂದು ಕೋಣೆಯಷ್ಟೇ ಆಯ್ತಲ್ಲ," ಅಂದ ಥಾರ್ಲಿ. "ಒಳ್ಳೇ ಬೆಲೆ ಬಾಳುತ್ತೆ. ಇದೂ ನೀವು ಸೇರಿಸಿದ್ದೇನಾ?"

ಬ್ರೆಂಡಾ ಆಗಲೇ ಹೌದೆಂದು ತಲೆಯಾಡಿಸುತ್ತಿದ್ದಳು.

"ಇದು ನಾವು ಬರೋಕೆ ಮುಂಚೇನೇ ಇತ್ತು," ಅಂದಳು ಆಡ್ರಿ.

"ಹಾಗಾದ್ರೆ ಇದನ್ನ ಲೆಕ್ಕಕ್ಕೆ ಹಿಡೀಬೇಕಾಗುತ್ತೆ. ಇದೆ ಅಂತ."

"ಹಿಡೀರಿ. ಇದೆ."

ಬ್ರೆಂಡಾ ಆಕೆಯ ತೋಳು ಹಿಡಿದು ಪಕ್ಕಕ್ಕೆಳೆದಳು. "ಹುಚ್ಚು ಹಿಡೀತಾ ನಿನಗೆ? ಆ ಮನೆಗೆ ಒಂದು ಕಾರ್ಪೆಟ್ ಹಾಸೋಕೂ ಉಳಿಯಲ್ಲ ಈಗ."

"ಬರಿ ನೆಲ ನನಗೇನು ಹೊಸದಲ್ಲ, ಬಿಡು."

ಅಳತೆ ಪಟ್ಟಿ ಸುತ್ತಿಕೊಳ್ಳಲು ಥಾರ್ಲಿ ಬೆಂಚಿನ ಮೇಲೆ ಕೂತ. ಅಂಚಿನಡಿಗೆ ಹೋದ ಅವನ ಬೆರಳುಗಳು ಅಲ್ಲೇ ನಿಂತವು. ಬಗ್ಗಿ ನೋಡಿದ. ಮರದಲ್ಲಿ ಕೆತ್ತಿದ ಎರಡು ಅಕ್ಷರ, ಎ, ಡಿ. ನಡುವೆ ಒಂದು ಪುಟ್ಟ ಹಡಗು. ಅಳತೆ ಪಟ್ಟಿಯನ್ನು ಜೇಬಿಗಿಳಿಸಿ ಎದ್ದು ನಿಂತ.

"ನಿಮಗಿಂತ ಮೊದಲಿದ್ದವರು ಒಳ್ಳೇ ಕೆಲಸಗಾರರು, ಮಿಸೆಸ್ ಪೆಲ್ಲಿಂಗ್. ಹುಡುಕಿದ್ರೂ ಒಂದು ಮೊಳೆ ಕಾಣಲ್ಲ."

"ಹೌದು," ಅಂದಳು ಆಡ್ರಿ, ಕಡಲ ಕಡೆ ನೋಡುತ್ತ. "ಒಳ್ಳೆಯವರೇ. ಸ್ವಲ್ಪ ಗೊರಕೆ ಹೊಡೀತಿದ್ರು, ಅಷ್ಟೆ."